ಬಿದ್ದ ಗಾಡಿಯ ಎಡಮಗ್ಗುಲು

ಅಂಗಡಿಯ ಬೆಂಚಿನ ಮೇಲಿಂದ,
ಶನಿವಾರ, ಮಾರ್ಚ್ ೧೫, ಬೆಳಗ್ಗೆ ಹತ್ತೂವರೆ

ಪ್ರೀತಿಯ ಮೆಕ್ಯಾನಿಕ್ ಸಾಹೇಬರಿಗೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಹೋದ ವಾರ ಫೋನಿನಲ್ಲಿ ನೀವು ಆಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಹಡಗಿಗೆ ಬಣ್ಣ ಹೊಡೆಯುವ ಕಡೆ ನಿಲ್ಲಬೇಡಿ, ನಿಲ್ಲಲೇಬೇಕಾದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ನಿಮ್ಮ ಕೋಣೆಯಲ್ಲಿರುವ ಆ ವೆಲ್ಡಿಂಗಿನವರು ಇನ್ನೂ ಗೊರಕೆ ಹೊಡೆಯುತ್ತಾರೆಯೇ? ಅವರೂ ತಮ್ಮ ಮನೆಗೆ ನಿಮ್ಮ ಗೊರಕೆಯ ಬಗ್ಗೆ ಬರೆಯುತ್ತಿರಬಹುದು, ಯಾರು ಕಂಡರು. ಇಲ್ಲಿ ನಾವು ಅತ್ತೆ ಸೊಸೆ ಇಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ಅತ್ತೆಯ ಕನ್ನಡಕದ ನಂಬರು ಮತ್ತೆ ಬದಲಾಯಿತು, ಹೊಸದು ಬಂದ ದಿನದಿಂದ ಮನೆಯ ಮೂಲೆ ಮೂಲೆಯ ಧೂಳು ಅವರ ಕಣ್ಣಿಗೆ ಬೀಳುತ್ತಿದೆ, ನನ್ನ ಗ್ರಹಚಾರ. ಚಳಿ ಹೋದ ಮೇಲೆ ಅವರ ಮಂಡಿನೋವು ವಾಸಿ. ಬೆಳಗ್ಗೆ ನನ್ನ ಜೊತೆ ಅಂಗಡಿಗೆ ಬಂದು, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹೋಗಿ ಬರುವವರಿಗೆಲ್ಲ ನಿಮ್ಮ ಬಾಲ್ಯದ ಕಥೆ ಹೇಳುತ್ತಾರೆ. ಐದನೇ ಕ್ಲಾಸಿನಲ್ಲಿ ನೀವು ಎರಡು ಸಲ ಕೂತಿದ್ದು ಈಗ ಬೀದಿಗೆಲ್ಲ ಗೊತ್ತು.

ಇದನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ನಿಮಗೆ ಬೇಡದ ಮಾತು ಬಂದ ಕೂಡಲೇ ಲೈನು ಸರಿ ಇಲ್ಲ ಎಂದು ಇಟ್ಟುಬಿಡುತ್ತೀರಿ. ಪತ್ರಕ್ಕೆ ಹಾಗೆ ಮಾಡಲು ಬರುವುದಿಲ್ಲ. ಹೋದ ತಿಂಗಳು ನೀವು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. "ಏಪ್ರಿಲ್ ಒಂದಕ್ಕೆ ಅಂಗಡಿ ಬಾಡಿಗೆಗೆ ಬಿಟ್ಟು ಕೀ ಆ ಮೊಬೈಲ್ ಕವರ್ ಮಾರೋನಿಗೆ ಕೊಟ್ಬಿಡು. ಶಟರ್ ಎತ್ತಿ ಕೂತ್ಕೊಂಡು ನೀನೇನ್ ಮಾಡ್ತೀಯ? ನಾನಿಲ್ದಿದ್ರೆ ಅದು ಅಂಗಡಿನೇ ಅಲ್ಲ." ನೀವು ಸಿಟ್ಟಿನಲ್ಲಿ ಹೇಳಲಿಲ್ಲ, ಅದು ನನಗೆ ಗೊತ್ತು. ನನಗೆ ಒಂದು ಭಾರ ಕಡಿಮೆಯಾಗಲಿ ಎಂದು ಮೃದುವಾಗಿಯೇ ಹೇಳಿದಿರಿ. ಚುಚ್ಚಿದ್ದೂ ಅದೇ. ಸಿಟ್ಟಿನ ಮಾತಾಗಿದ್ದರೆ ನಾನೂ ನಾಲ್ಕು ಮಾತಾಡಿ ಮರೆತುಬಿಡುತ್ತಿದ್ದೆ. ನನಗೆ ಈ ಅಂಗಡಿ ಬೇಕು. ಯಾಕೆ ಬೇಕು ಎಂದು ಬಾಯಲ್ಲಿ ಹೇಳಲು ಹೋದರೆ ಅಳು ಬರುತ್ತದೆ, ಅಳುವವಳ ಮಾತಿಗೆ ನೀವು ಸಮಾಧಾನ ಹೇಳುತ್ತೀರೇ ಹೊರತು ಉತ್ತರ ಕೊಡುವುದಿಲ್ಲ. ಅದಕ್ಕೇ ಮೊನ್ನೆ ಗುರುವಾರ ಇಲ್ಲಿ ಏನಾಯಿತೆಂದು ಬರೆಯುತ್ತಿದ್ದೇನೆ. ಪೂರ್ತಿ ಓದಿ. ಊಟದ ಹೊತ್ತಿನಲ್ಲಿ ಅರ್ಧ ಓದಿ ಜೇಬಿಗೆ ತುರುಕಬೇಡಿ.

ಮೊದಲು ನಾನು ಮುಚ್ಚಿಟ್ಟ ಒಂದು ಸಂಗತಿ ಒಪ್ಪಿಸಿಬಿಡುತ್ತೇನೆ. ನೀವು ಎರಡು ವರ್ಷದ ಕರಾರಿನ ಮೇಲೆ ಹಡಗು ಕಟ್ಟುವ ಕೆಲಸಕ್ಕೆ ಹೋದ ಮೂರನೇ ತಿಂಗಳಿಗೆ ನಿಮ್ಮ ಜೊತೆಗಿದ್ದ ಮೆಕ್ಯಾನಿಕ್ ಶೋರೂಮು ಸೇರಿಕೊಂಡನಲ್ಲ, ಆಮೇಲೆ ನಾನು ದಿನಾ ಶಟರ್ ಎತ್ತಿ ಕಸ ಗುಡಿಸಿ ಬರುತ್ತೇನೆ, ಇಲಿ ಸೇರದಿರಲಿ ಎಂದು, ಅಂತ ನಿಮಗೆ ಹೇಳಿದ್ದೆ. ಅದು ಅರ್ಧ ನಿಜ. ಒಂದು ದಿನ ಹಾಗೆ ಗುಡಿಸುತ್ತಿದ್ದಾಗ ಬ್ರೆಡ್ ವ್ಯಾನಿನ ಡ್ರೈವರು ಯಾರದೋ ಹಳೇ ಬೈಕು ತಂದು ನಿಲ್ಲಿಸಿದ. ಕೊಳ್ಳುವ ಮುಂಚೆ ನಿಮಗೆ ತೋರಿಸಬೇಕಿತ್ತಂತೆ. ಅವರು ಊರಲ್ಲಿಲ್ಲ ಎಂದೆ. ಅಷ್ಟು ಹೇಳಿ ಒಳಗೆ ಹೋಗಬಹುದಿತ್ತು. ಕೈಯಲ್ಲಿ ಪೊರಕೆ ಇತ್ತು, ಕಣ್ಣು ಮಾತ್ರ ಗಾಡಿಯ ಮೇಲೆ ಹೋಯಿತು. "ಎಡಗಡೆ ಹಿಡಿಕೆ ರಬ್ಬರ್ ಹೊಸದು, ಬಲಗಡೇದು ಸವೆದು ನುಣ್ಣಗಾಗಿದೆ. ಮಾರೋನು ಒಂದೇ ಕೈಲಿ ಗಾಡಿ ಓಡಿಸ್ತಿದ್ನಾ?" ಎಂದುಬಿಟ್ಟೆ. ಡ್ರೈವರು ಬಗ್ಗಿ ನೋಡಿದ. ಎಡಗಡೆಯ ಫುಟ್‌ರೆಸ್ಟ್ ಬಲಗಡೆಯದಕ್ಕಿಂತ ಒಂದು ಬೆರಳು ಹಿಂದಕ್ಕೆ ಬಗ್ಗಿತ್ತು. ಗಾಡಿ ವಾಪಸ್ ಹೋಯಿತು. ಮುಂದಿನ ವಾರ ಅವನ ಜೊತೆಯವನು ಬಂದ, ಅದರ ಮುಂದಿನ ವಾರ ಅವನ ಭಾವ. ಈಗ ನಲವತ್ತು ದಾಟಿದೆ. ಹಳೇ ಬೈಕು ಕೊಳ್ಳುವವರು ಮೊದಲು ಇಲ್ಲಿಗೆ ತಂದು ನಿಲ್ಲಿಸುತ್ತಾರೆ, ಬಿದ್ದದ್ದೋ ಬೀಳದ್ದೋ ಅಕ್ಕ ಹೇಳಲಿ ಎಂದು. ನಿಮ್ಮ ಹೆಂಡತಿಗೆ ಇನ್ನೂ ಕ್ಲಚ್ಚು ಬಿಟ್ಟು ಗಾಡಿ ಮುಂದೆ ತರಲು ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲ, ನೀವೂ ಯಾರಿಗೂ ಹೇಳಬೇಡಿ.

ಎಲ್ಲಿ ಕಲಿತೆ ಎಂದು ಮಾತ್ರ ಕೇಳಬೇಡಿ. ಹದಿನೇಳು ವರ್ಷ ನಿಮಗೆ ಟಾರ್ಚ್ ಹಿಡಿದು ನಿಂತವಳು ನಾನು. ಟಾರ್ಚ್ ಒಂದು ಚೂರು ಅಲುಗಿದರೂ ಬೈಯುತ್ತಿದ್ದಿರಿ, ಹಾಗಾಗಿ ನೀವು ಎಲ್ಲಿ ನೋಡುತ್ತೀರೋ ನಾನೂ ಅಲ್ಲಿಯೇ ನೋಡಬೇಕಾಗುತ್ತಿತ್ತು. ಗಾಡಿಯ ಕೆಳಗೆ ಮಲಗಿ ಅದರ ಜೊತೆ ಮಾತಾಡುತ್ತಿದ್ದಿರಲ್ಲ, "ಎಲ್ಲಿ ಬಿದ್ದೆಯಪ್ಪಾ, ನಿಜ ಹೇಳು" ಎಂದು. ಗಾಡಿ ಕೇಳಿಸಿಕೊಂಡಿತೋ ಇಲ್ಲವೋ, ನಾನಂತೂ ಕೇಳಿಸಿಕೊಂಡೆ. ಓಡುವಾಗ ಬಿದ್ದ ಗಾಯಕ್ಕೆ ಉದ್ದ ಗೆರೆ, ನಿಂತಲ್ಲೇ ಬಿದ್ದ ಗಾಯಕ್ಕೆ ಒಂದೇ ಚುಕ್ಕೆ ಎಂದು ನೀವು ನನಗೆ ಪಾಠ ಮಾಡಿದ್ದಲ್ಲ, ನಿಮ್ಮಷ್ಟಕ್ಕೆ ಗೊಣಗಿಕೊಂಡಿದ್ದು.

ಈಗ ಗುರುವಾರದ ವಿಷಯ. ನಿಮ್ಮ ತಮ್ಮ ಗೊತ್ತಲ್ಲ, ಗಡಿಯಾರ ರಿಪೇರಿ ಮಾಡಿ ಮಾಡಿ ಗಾಡಿಯನ್ನೂ ಗಡಿಯಾರದಂತೆ ಒರೆಸುವವನು. ಎರಡನೇ ಮಗು ಆದ ಮೇಲೆ ಬೈಕಿನಲ್ಲಿ ನಾಲ್ಕು ಜನ ಹಿಡಿಸುವುದಿಲ್ಲವೆಂದು ಚಿಕ್ಕ ಕಾರು ತೆಗೆದುಕೊಳ್ಳುತ್ತಿದ್ದಾನೆ. ಹಾಗಾಗಿ ಆ ನೀಲಿ ಬೈಕು ಮಾರಾಟಕ್ಕೆ ಬಂತು. ಕೊಳ್ಳಲು ಬಂದವರು ಹೊಸದಾಗಿ ಬಂದಿರುವ ದನದ ಡಾಕ್ಟರಮ್ಮ. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು, ಮಾತು ಕಡಿಮೆ, ಕೈ ಮಾತ್ರ ನಿಮ್ಮ ಕೈಯಷ್ಟು ಒರಟು. ಹಸು ಕರು ಹಾಕಲಾಗದೆ ಒದ್ದಾಡುತ್ತಿದ್ದರೆ ಬಸ್ಸಿಗೆ ಕಾಯುತ್ತ ಕೂರಲಾಗುತ್ತದೆಯೇ? ಔಷಧಿ ಪೆಟ್ಟಿಗೆ ಹಿಂದೆ ಕಟ್ಟಿಕೊಂಡು ಗುಡ್ಡದ ದಾರಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಓಡಾಡಬೇಕು ಅವರಿಗೆ. ಬ್ರೆಡ್ ವ್ಯಾನಿನವನೇ ನನ್ನ ಬಗ್ಗೆ ಹೇಳಿದ್ದನಂತೆ. "ನಿಮ್ಮ ಮನೆಯವರದೇ ಗಾಡಿ ಅಂತ ಗೊತ್ತು, ಆದ್ರೂ ನೀವೇ ನೋಡಿ ಹೇಳಿ" ಎಂದರು ಡಾಕ್ಟರಮ್ಮ. ಆ ಮಾತು ಕೇಳಿ ನನಗೆ ಎಷ್ಟು ಎತ್ತರ ಆದಂತೆ ಅನ್ನಿಸಿತು ಗೊತ್ತೇ? ಶಟರಿಗೆ ತಲೆ ತಾಗದಿದ್ದುದೇ ಹೆಚ್ಚು.

ಬೆಳಗ್ಗೆ ಒಂಬತ್ತಕ್ಕೆ ನಿಮ್ಮ ತಮ್ಮ ಗಾಡಿ ತಂದು ಅಂಗಡಿಯ ಮುಂದೆ ನಿಲ್ಲಿಸಿದ. "ಒಂದ್ಸಲಾನೂ ಕೆಳಗೆ ಬಿದ್ದಿಲ್ಲ ಅತ್ತಿಗೆ, ನೀವು ಸುಮ್ನೆ ಹೂಂ ಅನ್ನಿ, ಅಷ್ಟೇ ಕೆಲಸ" ಎಂದು ನಕ್ಕ. ಬಾಗಿಲಲ್ಲಿ ಕೂತಿದ್ದ ಅತ್ತೆಯೂ ಸುಮ್ಮನಿರಬೇಕಲ್ಲ, "ನನ್ನ ಮಕ್ಕಳಿಬ್ಬರೂ ಗಾಡಿ ಬೀಳಿಸೋರಲ್ಲಮ್ಮ" ಎಂದು ಡಾಕ್ಟರಮ್ಮನಿಗೆ ಭರವಸೆ ಕೊಟ್ಟರು. ನಾನು ಹೂಂ ಎನ್ನಲಿಲ್ಲ. ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತೆ. ಮುಂದಿನ ಚಕ್ರಕ್ಕೂ ಹ್ಯಾಂಡಲ್ಲಿಗೂ ಸರಿಯಾಗಿ ಕೂಡುತ್ತಿತ್ತು. ಎರಡೂ ಚಕ್ರದ ಪಕ್ಕಕ್ಕೆ ದಾರ ಹಿಡಿದು ನೋಡಿದೆ, ಗೀಟು ಎಳೆದಂತಿತ್ತು. ಹ್ಯಾಂಡಲ್ಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಕತ್ತಿನ ಬಳಿ ಅದು ಬಂದು ತಡೆಯುವ ಸಣ್ಣ ಕಬ್ಬಿಣದ ಗುಬುಟು ನೋಡಿದೆ, ಬಣ್ಣವೂ ಎದ್ದಿರಲಿಲ್ಲ. ಟ್ಯಾಂಕಿನಲ್ಲಿ ತಗ್ಗಿಲ್ಲ. ಹಿಡಿಕೆಯ ರಬ್ಬರು ಎರಡೂ ಕಡೆ ಒಂದೇ ಸಮ. ಕ್ಲಚ್ಚಿನ ಲಿವರು, ಬ್ರೇಕಿನ ಲಿವರು, ಎರಡರ ತುದಿಯ ಗುಂಡೂ ನುಣ್ಣಗೆ. ಡಾಕ್ಟರಮ್ಮ ನನ್ನ ಹಿಂದೆ ಹಿಂದೆಯೇ ಬಂದು ನಾನು ನೋಡಿದ್ದನ್ನೆಲ್ಲ ತಾವೂ ನೋಡುತ್ತಿದ್ದರು. ಹಸುವಿನ ಕಾಲು ನೋಡುವ ಹಾಗೆ ಬಗ್ಗುತ್ತಿದ್ದರು.

ಆಮೇಲೆ ನನ್ನ ಬಟ್ಟೆ ತೆಗೆದೆ. ಇದು ನಿಮ್ಮಿಂದ ಕಲಿತದ್ದಲ್ಲ, ನನ್ನದೇ. ಒಂದು ಹಳೇ ರೇಷ್ಮೆ ಕರವಸ್ತ್ರ, ಸವೆದು ಸವೆದು ಉಸಿರಿನಷ್ಟು ತೆಳ್ಳಗಾಗಿದೆ. ಗೀರನ್ನು ಎಷ್ಟೇ ಉಜ್ಜಿ ಪಾಲಿಶ್ ಮಾಡಿರಲಿ, ಕಣ್ಣಿಗೆ ಕಾಣದಿದ್ದರೂ ಇದರ ನೂಲು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಎಂಜಿನ್ನಿನ ಬಲ ಮುಚ್ಚಳದ ಮೇಲೆ ಜಾರಿತು. ಎಡ ಮುಚ್ಚಳದ ಕೆಳ ಅಂಚಿನಲ್ಲಿ ಸಿಕ್ಕಿಕೊಂಡಿತು. ಮತ್ತೊಂದು ಸಲ ಎಳೆದೆ, ಅಲ್ಲೇ ಸಿಕ್ಕಿಕೊಂಡಿತು. ಉದ್ದ ಗೆರೆ ಇಲ್ಲ, ಒಂದೇ ಜಾಗ. ನಿಂತಲ್ಲೇ, ಅಥವಾ ನಿಲ್ಲುವಷ್ಟು ನಿಧಾನದಲ್ಲಿ, ಎಡಕ್ಕೆ ಬಿದ್ದ ಗಾಡಿ. ಯಾರೋ ಕೆಲಸ ಬಲ್ಲವರು ಅದನ್ನು ಸೊಗಸಾಗಿ ಮುಚ್ಚಿದ್ದರು. ಎಡಗಡೆಯದನ್ನು ಮಾತ್ರ ಬದಲಿಸಿದರೆ ಸಿಕ್ಕಿಬೀಳುತ್ತೇವೆಂದು ಎರಡೂ ಕಡೆಯ ರಬ್ಬರು, ಎರಡೂ ಕಡೆಯ ಲಿವರು ಬದಲಿಸಿರಬೇಕು. ಅಷ್ಟು ಜಾಣತನ ಈ ಊರಲ್ಲಿ ಯಾರಿಗಿದೆ ಎಂದುಕೊಳ್ಳುತ್ತ ಹ್ಯಾಂಡಲ್ ಬಿಗಿದಿರುವ ನಾಲ್ಕು ಬೋಲ್ಟಿನ ಕೆಳಗೆ ಪುಟ್ಟ ಕನ್ನಡಿ ಹಿಡಿದೆ. ಹಳದಿ ಗೀಟು.

ನಿಮ್ಮ ಹಳದಿ ಗೀಟು. ಬೋಲ್ಟು ಬಿಗಿದ ಮೇಲೆ ಅದು ಸಡಿಲವಾದರೆ ತಿಳಿಯಲಿ ಎಂದು ಅದರ ತಲೆಯಿಂದ ಪಕ್ಕಕ್ಕೆ ನೀವು ಎಳೆಯುತ್ತೀರಲ್ಲ, ಕೊನೆಯಲ್ಲಿ ಬ್ರಷ್ಷು ತಿರುಗಿಸಿ ಒಂದು ಸಣ್ಣ ಬಾಲ ಬಿಡುತ್ತೀರಲ್ಲ, ಅದೇ. ಜಗತ್ತಿನಲ್ಲಿ ಯಾರೂ ಕದ್ದು ಮಾಡಿದ ಕೆಲಸಕ್ಕೆ ಸಹಿ ಹಾಕುವುದಿಲ್ಲ, ನೀವು ಹಾಕಿದ್ದೀರಿ. ಅಭ್ಯಾಸಬಲ! ಒಳಗೆ ಹೋಗಿ ನಿಮ್ಮ ಕೆಲಸದ ಪುಸ್ತಕ ತೆರೆದೆ. ತಮ್ಮನ ನೀಲಿ ಗಾಡಿಯ ಹಾಳೆಯಲ್ಲಿ ಆಯಿಲ್ಲು, ಚೈನು, ಬ್ರೇಕು, ಎಲ್ಲಕ್ಕೂ ತಾರೀಖು ಇದೆ. ಒಂದು ಬಲ್ಬು ಬದಲಿಸಿದ್ದನ್ನೂ ಬರೆದಿದ್ದೀರಿ. ಹ್ಯಾಂಡಲ್ ಬಿಚ್ಚಿದ ಮಾತೇ ಇಲ್ಲ. ಹೊರಗೆ ನಿಮ್ಮ ತಮ್ಮ ಡಾಕ್ಟರಮ್ಮನಿಗೆ ಗಾಡಿಯ ಸ್ವಭಾವ ವಿವರಿಸುತ್ತಿದ್ದ, ಹೆಣ್ಣು ಕೊಡುವ ತಂದೆಯ ಹಾಗೆ. ಅವನಿಗೆ ಏನೂ ಗೊತ್ತಿಲ್ಲ ಎಂಬುದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು.

ನಿಜ ಹೇಳುತ್ತೇನೆ, ಎರಡು ನಿಮಿಷ ನಾನು ಪುಸ್ತಕ ಹಿಡಿದುಕೊಂಡು ಹಾಗೇ ನಿಂತಿದ್ದೆ. ಆ ಗೀಟು ಓದಲು ಬರುವುದು ನನಗೊಬ್ಬಳಿಗೇ. ಚೆನ್ನಾಗಿದೆ ಎಂದರೆ ಮುಗಿಯಿತು. ನಿಮ್ಮ ಮಾನ ಉಳಿಯಿತು, ತಮ್ಮನ ಗಾಡಿ ಹೋಯಿತು, ಅತ್ತೆ ಖುಷಿಯಾಗಿ ಮನೆಗೆ ಬಂದರು. ಬಿದ್ದಿದೆ ಎಂದರೆ, ಹದಿನೇಳು ವರ್ಷದಿಂದ ಅತ್ತಿಗೆ ಅತ್ತಿಗೆ ಎಂದು ಹಿಂದೆ ಮುಂದೆ ಓಡಾಡಿದ ಹುಡುಗ ಸುಳ್ಳುಗಾರನಾಗುತ್ತಾನೆ. ಅವನನ್ನು ಉಳಿಸಲು ಹೋದರೆ ನಿಮ್ಮ ಅಂಗಡಿಯಲ್ಲಿ ನಿಂತು ನಿಮ್ಮ ಹೆಸರನ್ನೇ ಹೇಳಬೇಕು. ಆದರೆ ಒಂದು ಗಾಡಿಗೆ ಸುಳ್ಳು ಹೇಳಿದರೆ ಹಿಂದೆ ನೋಡಿದ ನಲವತ್ತು ಗಾಡಿಗೂ ನಾನು ಹೇಳಿದ್ದು ಸುಳ್ಳಾಗುತ್ತದೆ. ಆಮೇಲೆ ಮೊಬೈಲ್ ಕವರಿನವನಿಗೆ ಕೀ ಕೊಡಲು ನನಗೇನು ತಕರಾರು ಉಳಿಯುತ್ತದೆ? ಹೊರಗೆ ಬಂದೆ. "ಗಾಡಿ ಎಡಕ್ಕೆ ಬಿದ್ದಿದೆ ಡಾಕ್ಟರಮ್ಮ. ಜೋರಾಗಿ ಅಲ್ಲ, ಆದ್ರೆ ಬಿದ್ದಿದೆ" ಎಂದೆ.

ನಿಮ್ಮ ತಮ್ಮನ ಮುಖ ಕೆಂಪಗಾಯಿತು ನೋಡಿ. ಅವನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದೇ ಅದು ಮೊದಲು. "ಅತ್ತಿಗೆ, ಬೇರೆಯವರ ಮುಂದೆ ನನ್ನನ್ನ ಸುಳ್ಳುಗಾರ ಮಾಡ್ತಿದೀರಾ? ನನ್ನ ಕೈಲಿ ಇದು ನೆಲ ಕಂಡಿಲ್ಲ" ಎಂದ. "ನಿನ್ನ ಕೈಲಿ ಅಂತ ನಾನೆಲ್ಲಪ್ಪ ಹೇಳಿದೆ?" ಎಂದೆ. ಅತ್ತೆ ಅಷ್ಟರಲ್ಲಿ ಕುರ್ಚಿಯಿಂದಲೇ ಶುರು ಮಾಡಿದ್ದರು, ಎರಡು ದಿನ ಸ್ಪ್ಯಾನರ್ ಹಿಡಿದ ಮಾತ್ರಕ್ಕೆ ಇವಳಿಗೆ ಎಲ್ಲ ತಿಳೀತು, ನನ್ನ ಮಕ್ಕಳು ಅಂಥವರಲ್ಲ, ಇತ್ಯಾದಿ. ನಾನು ಮಾತಾಡದೆ ಹಿಂದಿನ ಸವಾರರು ಕಾಲಿಡುವ ಎಡಗಡೆಯ ಫುಟ್‌ರೆಸ್ಟ್ ಬಿಡಿಸಿ ಡಾಕ್ಟರಮ್ಮನಿಗೆ ತೋರಿಸಿದೆ. ಅದರ ತುದಿ ಉಜ್ಜಿ ಹೋಗಿತ್ತು. ಯಾರೂ ನೋಡದ ಜಾಗವೆಂದು ನೀವು ಅದನ್ನು ಮರೆತಿದ್ದಿರಿ. "ಹಿಂದೆ ಯಾರೂ ಇಲ್ದಿದ್ರೆ ಇದು ಮಡಚಿಕೊಂಡೇ ಇರುತ್ತೆ. ತುದಿ ಉಜ್ಜಿದೆ ಅಂದ್ರೆ ಬಿಡಿಸಿತ್ತು. ಬಿದ್ದಾಗ ಹಿಂದೆ ಒಬ್ರು ಕೂತಿದ್ರು" ಎಂದೆ.

ಅತ್ತೆಯ ಮಾತು ನಡುವೆಯೇ ನಿಂತಿತು. ಈ ಮನೆಗೆ ಬಂದಾಗಿನಿಂದ ಅವರು ವಾಕ್ಯ ಮುಗಿಸದೆ ಬಿಟ್ಟಿದ್ದನ್ನು ನಾನು ಕಂಡಿಲ್ಲ. ಕನ್ನಡಕ ತೆಗೆದರು, ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಕೊನೆಗೆ ಗೋಡೆ ಕಡೆ ನೋಡುತ್ತ ಹೇಳಿದರು, "ಎರಡು ವರ್ಷದ ಹಿಂದೆ ನನ್ನ ಕಾಲು ಉಳುಕಿತ್ತಲ್ಲ, ಅದು ಬಚ್ಚಲಲ್ಲಿ ಅಲ್ಲ ಕಣೇ."

ಏನ್ರೀ ಇದು? ತಾಯಿ ಮಗ ಸೇರಿಕೊಂಡು ಎರಡು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದಿರಲ್ಲ! ಎಲ್ಲ ಹೇಳಿದರು. ನಿಮ್ಮ ಗಾಡಿ ಎಂದಿನಂತೆ ಬಿಚ್ಚಿ ಹರಡಿಕೊಂಡು ಬಿದ್ದಿತ್ತು, ಅಮ್ಮನನ್ನು ಕಣ್ಣು ತೋರಿಸಲು ಕರೆದೊಯ್ಯಲು ತಮ್ಮನ ಗಾಡಿ ಕೇಳಿ ತಂದಿರಿ, ನೀರಿನ ಟ್ಯಾಂಕಿನ ತಿರುವಿನಲ್ಲಿ ಜಲ್ಲಿಯ ಮೇಲೆ ಕಾಲೂರಲು ಹೋಗಿ ಕಾಲು ಜಾರಿತು, ಇಬ್ಬರೂ ಎಡಕ್ಕೆ ಮಗುಚಿಕೊಂಡಿರಿ. "ಅಮ್ಮಾ, ಇವಳಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು, ತಮ್ಮನಿಗೆ ಗೊತ್ತಾದ್ರೆ ಒಂದು ವಾರ ಊಟ ಬಿಡ್ತಾನೆ" ಎಂದಿರಂತೆ. ಮೂರು ವಾರ ನಾನು ಅತ್ತೆಯ ಕಾಲು ತಿಕ್ಕಿದೆ, ಸ್ವಾಮಿ. ಮತ್ತೆ ಯಾರೂ ಜಾರದಿರಲಿ ಎಂದು ಪಾಪದ ಆ ಬಚ್ಚಲ ಕಲ್ಲನ್ನು ದಿನಾ ಬ್ರಷ್ ಹಿಡಿದು ಉಜ್ಜಿದೆ. ಡಾಕ್ಟರಮ್ಮ ಮೊದಲು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು, ಆಮೇಲೆ ತಡೆಯಲಾಗದೆ ನಕ್ಕುಬಿಟ್ಟರು. ಅವರು ನಕ್ಕ ಮೇಲೆ ನಿಮ್ಮ ತಮ್ಮನೂ ನಕ್ಕ, ಅತ್ತೆಯೂ ನಕ್ಕರು. ನಾನು ನಗಲಿಲ್ಲ. ನನಗೆ ಅಷ್ಟು ಹೊತ್ತಿಗೆ ಬೇರೊಂದು ಹೆದರಿಕೆ ಹತ್ತಿತ್ತು.

ಎಡಕ್ಕೆ ಬಿದ್ದು ಲಿವರು ಬದಲಿಸುವಷ್ಟು ಪೆಟ್ಟಾಗಿದ್ದರೆ ಹ್ಯಾಂಡಲ್ಲಿನ ಕೊಳವೆ ಬಗ್ಗದೆ ಇರುತ್ತದೆಯೇ? ಬಗ್ಗಿದ್ದರೆ ಹೊಸದು ಹಾಕಿರಬೇಕು. ಈ ಹ್ಯಾಂಡಲ್ಲು ಹಳೆಯದು, ನಟ್ಟ ನಡುವೆ ತಮ್ಮನ ಕೀ ಗೊಂಚಲು ತಾಗಿ ತಾಗಿ ಸವೆದ ಗುರುತು ಹಾಗೇ ಇದೆ. ಎಡಗಡೆಯ ಸ್ವಿಚ್ಚಿನ ಡಬ್ಬಿ ಸಡಿಲಿಸಿ ಪಕ್ಕಕ್ಕೆ ಸರಿಸಿದೆ. ಅದರ ಅಡಿಯಲ್ಲಿ ಕ್ರೋಮಿನ ಮೇಲೆ ಕೂದಲೆಳೆಯಂಥ ಬಿರುಕುಗಳು, ಹಳೇ ಪಿಂಗಾಣಿ ಬಟ್ಟಲಲ್ಲಿ ಇರುತ್ತವಲ್ಲ ಹಾಗೆ. ಬಗ್ಗಿದ್ದನ್ನು ನೆಟ್ಟಗೆ ಮಾಡಿ ಹಾಕಿದ್ದೀರಿ. "ಬಗ್ಗಿದ ಹ್ಯಾಂಡಲ್ ನೆಟ್ಟಗೆ ಮಾಡಿ ಹಾಕೋನು ಮೆಕ್ಯಾನಿಕ್ಕೇ ಅಲ್ಲ, ಅದು ಯಾವತ್ತಾದ್ರೂ ಮುರಿದು ಕೈಗೆ ಬರುತ್ತೆ" ಎಂದು ಎಷ್ಟು ಜನರನ್ನು ಇದೇ ಬೆಂಚಿನ ಮುಂದೆ ನಿಲ್ಲಿಸಿ ಬೈದಿದ್ದೀರಿ! ಅಂದು ಬಿಡಿಭಾಗದ ಅಂಗಡಿ ಬಾಗಿಲು ಹಾಕಿತ್ತಂತೆ, ಸಂಜೆಯೊಳಗೆ ಗಾಡಿ ವಾಪಸ್ ಕೊಡಬೇಕಿತ್ತಂತೆ, ನಾಳೆ ಹೊಸದು ಹಾಕುತ್ತೇನೆ ಎಂದಿದ್ದಿರಂತೆ. ಅತ್ತೆ ನೆನಪು ಮಾಡಿಕೊಂಡು ಹೇಳಿದರು. ನಾಳೆ ಬರಲಿಲ್ಲ. ಇಂಥದ್ದನ್ನು ಮರೆಯುವವರಲ್ಲ ನೀವು. ಗುಟ್ಟು ಬಯಲಾಗುತ್ತದೆಂದು ಆ ಗಾಡಿಯ ಹತ್ತಿರವೇ ಹೋಗಲಿಲ್ಲ ಎಂದು ನನ್ನ ಅಂದಾಜು. ಸರ್ವೀಸಿಗೆ ಬಂದಾಗೆಲ್ಲ ಜೊತೆಯವನ ಕೈಗೆ ಕೊಡುತ್ತಿದ್ದಿರಿ, ಈಗ ನೆನಪಾಗುತ್ತಿದೆ.

ಈ ಹ್ಯಾಂಡಲ್ಲಿನ ಮೇಲೆ ಗಾಡಿ ಹೋಗಲು ನಾನು ಬಿಡುವುದಿಲ್ಲ ಎಂದೆ. ನಿಮ್ಮ ತಮ್ಮ ನಂಬಲಿಲ್ಲ, ಎರಡು ವರ್ಷ ಓಡಿಸಿದ್ದೇನೆ ಏನೂ ಆಗಿಲ್ಲ ಎಂದ. ಮಾತಾಡಿ ಪ್ರಯೋಜನವಿಲ್ಲ ಎಂದು ಹ್ಯಾಂಡಲ್ ಬಿಚ್ಚಿದೆ. ಹೌದು, ನಾನೇ ಬಿಚ್ಚಿದೆ. ನಿಮ್ಮ ಬೆಂಚಿನ ವೈಸಿಗೆ ನಡುಭಾಗ ಕಚ್ಚಿಸಿ, ಎಡ ತುದಿಗೆ ಉದ್ದದ ಪೈಪು ತೂರಿಸಿ ಎಳೆದೆ. ಪೂರ್ತಿ ಬಲ ಹಾಕಿರಲಿಲ್ಲ ನಾನು. ಕಟಕ್ ಎಂದಿತು. ಬಿರುಕು ಅರ್ಧ ಸುತ್ತು ಬಾಯಿ ತೆರೆದುಕೊಂಡಿತು, ಒಳಗೆ ಕೆಂಪಗೆ ತುಕ್ಕು. ನಿಮ್ಮ ತಮ್ಮ ನೆಲದ ಮೇಲೆಯೇ ಕುಕ್ಕರಿಸಿದ. "ದೊಡ್ಡವನನ್ನ ಮುಂದೆ ಕೂರಿಸ್ಕೊಂಡು ದಿನಾ ಸ್ಕೂಲಿಗೆ ಇದನ್ನೇ ಹಿಡ್ಕೊಂಡು ಹೋಗಿದೀನಿ ಅತ್ತಿಗೆ" ಎಂದ. ಡಾಕ್ಟರಮ್ಮ ಆ ಹ್ಯಾಂಡಲ್ಲನ್ನು ಕೈಗೆ ತೆಗೆದುಕೊಂಡು ಬಿರುಕಿನ ಮೇಲೆ ಬೆರಳಾಡಿಸಿದರು. ಆಮೇಲೆ ನನಗೆ ಹೇಳಿದ ಮಾತು ಇದು, ಒಂದಕ್ಷರವೂ ನನ್ನದಲ್ಲ: "ನಿಮ್ಮ ಯಜಮಾನ್ರ ಕೆಲಸದಲ್ಲೇ ತಪ್ಪು ಹಿಡಿದು, ಅವರ ಅಂಗಡೀಲೇ ನಿಂತು ಹೇಳಿದ್ರಲ್ಲ, ಇನ್ಮೇಲೆ ನಿಮ್ಮ ಮಾತು ನಂಬೋಕೆ ನನಗೆ ಬೇರೆ ಏನೂ ಬೇಡ. ಹೊಸ ಹ್ಯಾಂಡಲ್ ಹಾಕಿ ಕೊಡಿ, ಗಾಡಿ ನಾನೇ ತಗೋತೀನಿ. ಆದ್ರೆ ನೀವೇ ಹಾಕಬೇಕು."

ನಾನು ಅದುವರೆಗೆ ನೋಡಿ ಹೇಳುತ್ತಿದ್ದೆನೇ ಹೊರತು ಏನನ್ನೂ ಹಾಕಿ ಕೊಟ್ಟವಳಲ್ಲ. ಆದರೂ ಹೂಂ ಎಂದೆ. ನಿಮ್ಮ ತಮ್ಮ ಓಡಿ ಹೋಗಿ ಹೊಸದು ತಂದ. ನಿಮಗೆ ಮುಕ್ಕಾಲು ಗಂಟೆಯ ಕೆಲಸ, ನನಗೆ ಮೂರೂವರೆ ಗಂಟೆ ಹಿಡಿಯಿತು. ಹಿಡಿಕೆಯ ರಬ್ಬರು ಏರದೆ ಸತಾಯಿಸಿತು, ಕೊನೆಗೆ ಅತ್ತೆಯೇ ಸೋಪಿನ ನೀರು ಹಚ್ಚು ಎಂದರು, ಏರಿತು. ಎಲ್ಲ ಮುಗಿಯಿತು ಎಂದು ಸ್ಟಾರ್ಟ್ ಮಾಡಿಸಿ, ನೀವು ಮಾಡುವ ಹಾಗೆ ಹ್ಯಾಂಡಲ್ಲನ್ನು ಎರಡೂ ಕಡೆ ತಿರುಗಿಸಿದೆ. ಬಲಕ್ಕೆ ತಿರುಗಿಸಿದಾಗ ಎಂಜಿನ್ ತಾನಾಗಿಯೇ ಅಬ್ಬರಿಸಿತು. ಆಕ್ಸಿಲರೇಟರಿನ ಕೇಬಲ್ಲನ್ನು ಕತ್ತಿನ ಬಳಿ ತಪ್ಪು ದಾರಿಯಲ್ಲಿ ಎಳೆದಿದ್ದೆ. ಯಾರೂ ಹೇಳಲಿಲ್ಲ, ನನಗೇ ತಿಳಿಯಿತು, ನಾನೇ ಬಿಚ್ಚಿ ಸರಿ ಮಾಡಿದೆ. ಬೋಲ್ಟಿಗೆ ಗೀಟು ಎಳೆಯುವಾಗ ನಿಮ್ಮ ಹಳದಿ ಡಬ್ಬಿ ಮುಟ್ಟಲಿಲ್ಲ. ನನ್ನ ಉಗುರಿನ ಕೆಂಪು ಬಣ್ಣದಲ್ಲಿ ಎಳೆದೆ. ಡಾಕ್ಟರಮ್ಮ ರಸ್ತೆಯ ಕೊನೆಯವರೆಗೆ ಹೋಗಿ, ಕೈ ಸಡಿಲ ಬಿಟ್ಟು ನಿಧಾನ ಓಡಿಸಿ ನೋಡಿ, ಎಲ್ಲಿಯೂ ಎಳೆಯುತ್ತಿಲ್ಲ ಎಂದು ಬಂದರು. ಔಷಧಿ ಪೆಟ್ಟಿಗೆ ಹಿಂದೆ ಕಟ್ಟಿಕೊಂಡು ಅಲ್ಲಿಂದಲೇ ಯಾರದೋ ಎಮ್ಮೆ ನೋಡಲು ಹೊರಟರು. ನಾನು ಬಾಗಿಲಲ್ಲಿ ನಿಂತು ಗಾಡಿ ಮರೆಯಾಗುವವರೆಗೆ ನೋಡಿದೆ. ಇಷ್ಟು ವಯಸ್ಸಾದ ಮೇಲೆ ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ನನ್ನ ಬಗ್ಗೆ ನನಗೇ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ನಿಮ್ಮ ಮೇಲೆ ಕೋಪ ಇಲ್ಲವೇ ಎಂದರೆ, ಇದೆ. ಬಿದ್ದದ್ದಕ್ಕಲ್ಲ, ಯಾರು ಬೀಳುವುದಿಲ್ಲ. ಮುಚ್ಚಿಟ್ಟದ್ದಕ್ಕೆ, ಅದಕ್ಕಿಂತ ಹೆಚ್ಚಾಗಿ ಆ ಹ್ಯಾಂಡಲ್ಲಿಗೆ. ತಮ್ಮನಿಗೆ ನೀವೇ ಬರೆಯಿರಿ, ಉದ್ದ ಬೇಡ, ತಪ್ಪಾಯಿತು ಎನ್ನಿ, ಅಷ್ಟು ಸಾಕು ಅವನಿಗೆ. ಅವನು ಊಟ ಬಿಟ್ಟಿಲ್ಲ, ನಿನ್ನೆ ಇಲ್ಲಿಯೇ ಎರಡು ಸಲ ಬಡಿಸಿಕೊಂಡು ತಿಂದ. ಆದರೂ ಇನ್ನೊಂದು ಮಾತು ಹೇಳಲೇಬೇಕು. ಆ ಎಡ ಮುಚ್ಚಳದ ಪಾಲಿಶ್ ಇದೆಯಲ್ಲ, ಅದನ್ನು ಹಿಡಿಯಲು ನನಗೆ ರೇಷ್ಮೆ ಬಟ್ಟೆ ಬೇಕಾಯಿತು. ಅಂಥ ಕೈ ಇನ್ನೊಬ್ಬರಿಗಿಲ್ಲ. ಆ ಕೈಯ ಕೆಲಸವನ್ನು ಹಿಡಿದವಳು ನಿಮ್ಮ ಹೆಂಡತಿ ಎಂದು ಅಲ್ಲಿ ವೆಲ್ಡಿಂಗಿನವರ ಮುಂದೆ ಬೇಕಾದರೆ ಹೇಳಿಕೊಳ್ಳಿ.

ಬಿಸಿನೀರು ಕುಡಿಯಿರಿ, ಎದೆಗೆ ಗಾಳಿ ಬಡಿಸಿಕೊಳ್ಳಬೇಡಿ. ಅತ್ತೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಬೈಯಬಾರದು ಎಂದೂ ಹೇಳಿದ್ದಾರೆ. ತಮ್ಮನ ಮಕ್ಕಳು ದೊಡ್ಡಪ್ಪ ಯಾವಾಗ ಬರುತ್ತಾರೆ ಎಂದು ಕೇಳುತ್ತಿರುತ್ತಾರೆ. ನಾನು ಕೇಳುವುದಿಲ್ಲ, ಇನ್ನೂ ಹತ್ತು ತಿಂಗಳು ಎಂದು ನನಗೆ ಗೊತ್ತು, ದಿನಾ ಲೆಕ್ಕ ಹಾಕುತ್ತೇನೆ.

ನಿಮ್ಮವಳೇ,
ಕೈ ತುಂಬ ಗ್ರೀಸು, ಕಾಗದದ ಮೇಲಿನ ಕಲೆಗೆ ಕ್ಷಮೆ ಇರಲಿ

ಮತ್ತೊಂದು ಮಾತು: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೊಬೈಲ್ ಕವರಿನವನು ನಿನ್ನೆ ಗಾಜಿನ ಕಪಾಟು ಎಲ್ಲಿಡುವುದೆಂದು ಅಳತೆ ಟೇಪು ಹಿಡಿದುಕೊಂಡು ಬಂದಿದ್ದ. ಕೀ ಕೊಡುವುದಿಲ್ಲ ಎಂದುಬಿಟ್ಟೆ. ಒಂದನೇ ತಾರೀಖಿಗೂ ಇಲ್ಲ, ಆಮೇಲೂ ಇಲ್ಲ. ನಿಮ್ಮನ್ನು ಕೇಳದೆ ಹೇಳಿದೆ, ತಪ್ಪು ಮಾಡಿದೆ ಎಂದು ಅನ್ನಿಸುತ್ತಿಲ್ಲ. ನೀವು ಬಂದಾಗ ಒಳಗಿನ ಬೆಂಚು, ವೈಸು, ಸ್ಪ್ಯಾನರು ಎಲ್ಲ ನಿಮಗಾಗಿ ಇದ್ದ ಹಾಗೇ ಇರುತ್ತವೆ, ಧಾರಾಳವಾಗಿ ಕೆಲಸ ಮಾಡಿ. ನೀವು ರಿಪೇರಿ ಮಾಡಿದ ಗಾಡಿ ಮಾತ್ರ ನಾನು ನೋಡಿ ಸರಿ ಎಂದ ಮೇಲೆಯೇ ಶಟರ್ ದಾಟುತ್ತದೆ.